ಗರುಡನ ಮೇಲಿನ ಆಣೆ

ನಮ್ಮಪ್ಪ ಬಚ್ಚಪ್ಪನದು ಹೆಸರಿಗೆ ಮಿಲಿಟರಿ ನೌಕರಿ, ಮಾಡುತ್ತಿದ್ದದ್ದು ಹಕ್ಕಿ ಓಡಿಸುವ ಕೆಲಸ. ಬೆಂಗಳೂರಿನ ಹೊರಗೆ ಒಂದು ವಿಮಾನ ನೆಲೆ. ವಿಮಾನ ಏಳುವಾಗ ಅದರ ಹಾದಿಗೆ ಹದ್ದು ಅಡ್ಡ ಬಂದು ಇಂಜಿನ್ನಿಗೆ ಸಿಕ್ಕಿದರೆ ಒಳಗಿದ್ದವರ ಕಥೆ ಮುಗಿದಂತೆ. ಕ್ಯಾಸಂಬಳ್ಳಿ ಪಕ್ಕದ ನಮ್ಮೂರಲ್ಲಿ ಜೋಳದ ಹೊಲಕ್ಕೆ ಬಿದ್ದ ಗಿಳಿಗಳನ್ನು ಕವಣೆಯಲ್ಲಿ ಓಡಿಸುತ್ತಿದ್ದವನನ್ನು ಊರಿಗಾಂನ ಪೆರುಮಾಳ್ ಮಾಮ ಕರೆದುಕೊಂಡು ಹೋಗಿ ಅಲ್ಲಿ ಸೇರಿಸಿದರು. ಮಾಮ ಆ ನೆಲೆಯ ಅಡುಗೆಮನೆಯಲ್ಲಿದ್ದರು. ಕವಣೆಯ ಜಾಗದಲ್ಲಿ ಬಂದೂಕು ಬಂತು, ಅಷ್ಟೇ. ಬೆಳಕು ಹರಿಯುವ ಮುಂಚೆ ಬಂಗಾರಪೇಟೆಯಲ್ಲಿ ರೈಲು ಹಿಡಿಯಬೇಕು, ಕತ್ತಲಾದ ಮೇಲೆ ಮನೆ ಸೇರಬೇಕು. ನನಗೆ ನೆನಪಿರುವ ಅಪ್ಪ ಎಂದರೆ ಗೋಡೆಗೆ ಒರಗಿಕೊಂಡು ಕೂತಲ್ಲೇ ನಿದ್ದೆ ಹೋಗುವ ಮನುಷ್ಯ.

ಅವನು ಸೇರಿದ್ದು ಎಪ್ಪತ್ತೆರಡರಲ್ಲಿ. ಅಲ್ಲಿದ್ದ ದಳದ್ದು ಫ್ಯಾನು ತಿರುಗುವ, ಸಾಮಾನು ಸಾಗಿಸುವ ಹಳೇ ವಿಮಾನಗಳು. ಹಿಂದಿನ ವರ್ಷದ ಯುದ್ಧಕ್ಕೆ ಅಕ್ಕಿ, ಔಷಧಿ, ಜವಾನರನ್ನು ಹೊತ್ತು ಪೂರ್ವಕ್ಕೆ ಹೋಗಿ ಬಂದಿದ್ದವಂತೆ. "ಮುದಿ ಎತ್ತಿನಂಗೆ ಕೆಮ್ಕೊಂಡು ಏಳ್ತವೆ. ಆದ್ರೂ ಏಳ್ತವೆ" ಎನ್ನುತ್ತಿದ್ದ ಅಪ್ಪ. ಆ ದಳದ ಬಗ್ಗೆ ಅವನ ಬಾಯಲ್ಲಿ ಬಂದ ಹೊಗಳಿಕೆ ಅದೊಂದೇ.

ನಮ್ಮಮ್ಮ ಮುನಿಗಂಗಮ್ಮನಿಗೆ ಈ ಕೆಲಸ ಮೊದಲಿನಿಂದಲೂ ಆಗದು. ಕಾಗೆ, ಹದ್ದು ಓಡಿಸಿಕೊಳ್ಳಲಿ, ಆದರೆ ಬಿಳಿ ಕುತ್ತಿಗೆಯ ಗರುಡ ಕಂಡರೆ ಊರೆಲ್ಲ ಕೆನ್ನೆ ಬಡಿದುಕೊಂಡು ಕೈ ಮುಗಿಯುತ್ತದೆ, ಇವನು ಬಂದೂಕು ಎತ್ತುತ್ತಾನೆ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಅಜ್ಜಿಯೂ ಗೊಣಗುತ್ತಿದ್ದಳು. ಅಮ್ಮನಿಗೆ ಎರಡು ಕೂಸು ಹುಟ್ಟುತ್ತಿದ್ದಂತೆಯೇ ಹೋದವು. ಮೂರನೆಯದು ಹೊಟ್ಟೆಯಲ್ಲಿದ್ದಾಗ ಅಪ್ಪನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು. "ನಾನು ಹೆರೋವರ್ಗೂ ಗರುಡನ ಮೇಲೆ ಕೈ ಎತ್ತಲ್ಲ ಅಂತ ಆಣೆ ಇಡು. ಎತ್ತಿದ್ಯೋ, ಈ ಕೂಸೂ ಉಳಿಯಲ್ಲ." ಅಪ್ಪ ಆಣೆ ಇಟ್ಟ. ಆಮೇಲೆ ಗರುಡ ಬಂದಾಗಲೆಲ್ಲ ಜೊತೆಗಾರ ಸೀನಪ್ಪನನ್ನು ಮುಂದೆ ಬಿಟ್ಟು ತಾನು ಬೆನ್ನು ತಿರುಗಿಸಿ ನಿಲ್ಲುತ್ತಿದ್ದ.

ಅಮ್ಮನಿಗೆ ಎಂಟು ತಿಂಗಳು. ಒಂದು ಶನಿವಾರ ಸೀನಪ್ಪನಿಗೆ ಜ್ವರ, ಬಂದಿರಲಿಲ್ಲ. ವಿಮಾನ ಆ ತುದಿಯಿಂದ ಹೊರಟಿದೆ, ಈ ತುದಿಯಲ್ಲಿ ಗರುಡ ಇಲಿ ಹಿಡಿದುಕೊಂಡು ಹಾದಿಯ ನಟ್ಟನಡುವೆ ಕೂತಿದೆ. ಅಪ್ಪ ಟವೆಲ್ ಬೀಸಿದ, ಕೂಗಿದ, ಕಲ್ಲೆಸೆದ. ಗರುಡ ಎದ್ದಿತು, ಎದ್ದದ್ದು ನೇರ ವಿಮಾನದ ಮುಂದಕ್ಕೇ. ಅತ್ತ ದರಿ, ಇತ್ತ ಪುಲಿ. ಅಪ್ಪ ಗುಂಡು ಹಾರಿಸಿದ. ಹಕ್ಕಿ ಬಿತ್ತು, ವಿಮಾನ ಅವನ ತಲೆಯ ಮೇಲೆ ಹಾದು ಹೋಯಿತು. ಒಳಗಿದ್ದವರಿಗೆ ಏನೂ ತಿಳಿಯಲಿಲ್ಲ.

ಗರುಡನನ್ನು ತನ್ನ ಟವೆಲಿನಲ್ಲಿ ಸುತ್ತಿ ಬೇಲಿಯ ಪಕ್ಕ ಹೂಳಿ ಬಂದ. ಟವೆಲ್ ಎಲ್ಲಿ ಎಂದು ಅಮ್ಮ ಕೇಳಿದ್ದಕ್ಕೆ ರೈಲಿನಲ್ಲಿ ಮರೆತೆ ಎಂದ. ಅವತ್ತಿನಿಂದ ತಿಂಗಳೊಪ್ಪತ್ತು ಅವನಿಗೆ ಅನ್ನ ಸೇರಲಿಲ್ಲ, ಹೆಂಡತಿಯ ಹೊಟ್ಟೆ ನೋಡಲೂ ಹೆದರಿಕೆ.

ನಾನು ಹುಟ್ಟಿದೆ, ಊರೆಲ್ಲ ಕೇಳುವಂತೆ ಅತ್ತೆ, ಉಳಿದೆ. ಆದಿಲಕ್ಷ್ಮಿ ಎಂದು ಹೆಸರಿಟ್ಟರು.

ಅಪ್ಪ ಮಾತು ಉಳಿಸಿಕೊಂಡಿದ್ದಕ್ಕೇ ನಾನು ಉಳಿದೆನೆಂದು ಅಮ್ಮ ನಂಬಿದಳು. ವರ್ಷಕ್ಕೊಮ್ಮೆ ಶ್ರಾವಣ ಶನಿವಾರ ಮುಳಬಾಗಿಲ ಕಡೆಯ ಕೊಲದೇವಿಗೆ, ಗರುಡನ ಗುಡಿಗೆ, ತಂಬಿಗೆಯಲ್ಲಿ ಹಾಲು ಹಿಡಿದು ಎಲ್ಲರೂ ಹೋಗಬೇಕು. ಅಪ್ಪ ಬರುತ್ತಿದ್ದ, ಒಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ಮಂಡಿ ನೋವು ಎಂದು ಆಚೆ ಕಲ್ಲಿನ ಮೇಲೆ ಬಿಸಿಲಲ್ಲಿ ಕೂತುಬಿಡುತ್ತಿದ್ದ. ದೇವರೆಂದರೆ ಅಷ್ಟು ತಾತ್ಸಾರವೇ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಗುಂಡು ಹಾರಿಸಿದ ಸಂಗತಿಯನ್ನು ಅವನು ನನಗೆ ಹೇಳಿದ್ದು ನನ್ನ ಮದುವೆಯಾದ ಮೇಲೆ, ಬಂಗಾರಪೇಟೆ ಸ್ಟೇಷನ್ನಿನಲ್ಲಿ, ರೈಲು ತಡವಾಗಿದ್ದ ಒಂದು ದಿನ. ಅಮ್ಮನ ಕಿವಿಗೆ ಹಾಕಬೇಡ ಎಂದು ನಾನೇ ಬಾಯಿ ಮುಚ್ಚಿಸಿದೆ. ಇಪ್ಪತ್ತು ವರ್ಷದ ನಂಬಿಕೆ ಕಳೆದುಕೊಂಡು ಆ ಹೆಂಗಸು ಏನು ಮಾಡಬೇಕು?

ತೊಂಬತ್ತಮೂರರಲ್ಲಿ ಆ ದಳವನ್ನು ಮುಚ್ಚಿದರು. ಮುದಿ ವಿಮಾನಗಳು ಒಂದೊಂದಾಗಿ ಉತ್ತರಕ್ಕೆ ಹಾರಿಹೋದವು, ಅಪ್ಪನೂ ಮನೆ ಸೇರಿದ. ಕೊನೆಯ ದಿನ ದೊಡ್ಡ ಆಫೀಸರ್ ಇಂಗ್ಲಿಷಿನಲ್ಲಿ ದಳದ ಚರಿತ್ರೆ ಓದಿದರಂತೆ. ಯಾವ ವರ್ಷ ಎಲ್ಲಿಂದ ಬಂತು, ಯಾವ ಯುದ್ಧಕ್ಕೆ ಹೋಯಿತು, ಯಾರಿಗೆ ಪದಕ ಬಂತು. ಪೆರುಮಾಳ್ ಮಾಮ ಒಂದೇ ಮಾತನ್ನು ಅಪ್ಪನಿಗೆ ಬಿಡಿಸಿ ಹೇಳಿದರು: ಈ ನೆಲದಿಂದ ಎದ್ದ ನಮ್ಮ ಒಂದು ವಿಮಾನವೂ ಬಿದ್ದಿಲ್ಲ. ಅಪ್ಪ ಹೂಂ ಎಂದು ಟೀ ಕುಡಿದು ರೈಲು ಹತ್ತಿದ.

ಮರುವರ್ಷ ಶ್ರಾವಣದಲ್ಲಿ ನನಗೆ ನಾಲ್ಕು ತಿಂಗಳು. ಕೊಲದೇವಿಯಲ್ಲಿ ಬಸ್ಸಿಳಿದು ಅಪ್ಪ ಎಂದಿನಂತೆ ಕಲ್ಲು ಹುಡುಕಿ ಕೂತ. ಅಮ್ಮ ಬಿಡಲಿಲ್ಲ. "ಇವತ್ತು ಮಂಡಿ ಗಿಂಡಿ ಅನ್ಬೇಡ. ಒಳಗ್ ಬಂದು, ನಾನು ಮಾತು ತಪ್ಪದೋನು, ನನ್ ಮಗಳನ್ನ ಕಾಯಪ್ಪಾ ಅಂತ ಗರುಡನಿಗೆ ಹೇಳು. ನಿನ್ ಮಾತು ಅವನು ಕೇಳ್ತಾನೆ."

ಅಪ್ಪ ನನ್ನ ಮುಖ ನೋಡಿದ. ಬೇಡ ಎಂದು ತಲೆ ಅಲ್ಲಾಡಿಸಿದೆ.

"ಆಗಲ್ಲ ಕಣೇ" ಎಂದು ಅಮ್ಮನಿಗೆ ಹೇಳಿದ. "ಹೆಂಡತಿಗೆ ಸುಳ್ಳು ಹೇಳ್ದೆ. ಮಗಳ ಹೊಟ್ಟೆ ಮುಂದಿಟ್ಕೊಂಡು ಅವನಿಗೂ ಹೇಳ್ಲಾ? ಇಮಾನಕ್ಕೆ ಅಡ್ಡ ಬಂತು ಅಂತ ಆಗ್ಲೇ ಒಂದು ಗರುಡನ್ನ ಹೊಡ್ದಾಕ್ದೆ. ನಿನ್ಗೆ ಎಂಟು ತಿಂಗಳು. ಟವೆಲ್ ರೈಲಲ್ಲಿ ಓಗಲಿಲ್ಲ, ಅದ್ರಲ್ಲೇ ಸುತ್ತಿ ಊತಾಕ್ದೆ."

ಅಮ್ಮ ತಂಬಿಗೆ ಹಿಡಿದು ನಿಂತೇ ಇದ್ದಳು. ಈಗ ರಂಪ ಎಂದು ನಾನು ಅವಳ ಪಕ್ಕಕ್ಕೆ ಸರಿದೆ.

"ಇಮಾನದಾಗೆ ಜನ ಇದ್ರಾ?" ಎಂದು ಕೇಳಿದಳು.

"ಏಳು ಜನ."

"ಯಾರವ್ರು?"

"ಯಾರಿಗ್ ಗೊತ್ತು. ನಾನು ಕೇಳ್ಲಿಲ್ಲ, ಅವರೂ ಕೇಳ್ಲಿಲ್ಲ."

ಅಮ್ಮನ ಕಣ್ಣು ತುಂಬಿತು, ದನಿ ಮಾತ್ರ ಗಡಸಾಗೇ ಇತ್ತು. "ಇಷ್ಟು ವರ್ಷ ಒಬ್ನೇ ಈ ಬಿಸಿಲಲ್ಲಿ ಕೂತಿದ್ಯಾ, ಪಾಪಿ" ಎಂದು ಬೈದು ಅದೇ ಕಲ್ಲಿನ ಮೇಲೆ ಅವನ ಪಕ್ಕ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡು ತಂಬಿಗೆಯನ್ನು ನನ್ನ ಕೈಗೆ ಕೊಟ್ಟಳು.

"ನೀನೋಗು. ಆಲು ಕೊಟ್ಟು ಅವನಿಗೆ ಹೇಳು, ಇಮಾನದೊಳಗೆ ಏಳು ಜನ ಇದ್ರಂತೆ ಅಂತ."