ಗುರುಬಸಮ್ಮನ ಗುಡ್ಡದ ಹರಕೆ

ರಾಯದುರ್ಗದ ಎಣ್ಣೆ ಅಂಗಡಿ ಮರುಳಸಿದ್ದಪ್ಪನಿಗೆ ಕೈಗೆ ಸಿಕ್ಕಿದ್ದೇ ಆಯುಧ. ಹೆಚ್ಚಾಗಿ ಸಿಗುತ್ತಿದ್ದುದು ತಕ್ಕಡಿಯ ಹಿತ್ತಾಳೆ ದಂಡಿಗೆ. ಅದರಿಂದಲೇ ಎರಡನೆಯ ಹೆಂಡತಿ ಗುರುಬಸಮ್ಮನ ಎಡಗೈ ಮುರಿದಿದ್ದ. ಮೊದಲನೆಯವಳು ಬಾವಿಯಲ್ಲಿ ಸತ್ತಿದ್ದಳು. ನೀರು ಸೇದುವಾಗ ಕಾಲು ಜಾರಿತಂತೆ. ಊರು ನಂಬಿತ್ತು, ಇಲ್ಲವೇ ನಂಬಿದ ಹಾಗೆ ಇತ್ತು. ಮದರಾಸಿನ ದೊರೆಗಳು ಆಳುತ್ತಿದ್ದ ಕಾಲ. ಕಂದಾಯ ಸಂದರೆ ಅವರಿಗೆ ಸಾಕು, ಓಣಿಯಲ್ಲಿ ಯಾವ ಹೆಂಗಸು ಹೇಗೆ ಸತ್ತಳೆಂಬುದು ಬೇಕಿರಲಿಲ್ಲ.

ಏಟು ತಾಳದೆ ಗುರುಬಸಮ್ಮ ಒಮ್ಮೆ ಓಡಿದ್ದಳು. ಓಣಿ ದಾಟುವ ಮೊದಲೇ ಉಸಿರು ಕಟ್ಟಿ ನಿಂತಳು. ಅಕ್ಕಪಕ್ಕದವರೇ ಹಿಡಿದು ತಂದು ಗಂಡನ ಮುಂದೆ ನಿಲ್ಲಿಸಿ, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಕ್ಕರು. ಆ ಗಾದೆ ಕಟ್ಟಿದವನ ಬೆನ್ನಿಗೆ ದಂಡಿಗೆ ಬಿದ್ದಿರಲಿಲ್ಲವೆಂದು ಕಾಣುತ್ತದೆ. ಮುಂದಿನ ಸಲ ಇವನು ಕೊಂದೇ ಬಿಡುತ್ತಾನೆ ಎಂಬುದು ಅಂದೇ ಅವಳಿಗೆ ಖಾತ್ರಿಯಾಯಿತು. ಬದುಕಬೇಕಾದರೆ ಅವನಿಗಿಂತ ದೂರ ಓಡುವುದನ್ನು ಕಲಿಯಬೇಕಿತ್ತು.

ಆದರೆ ಸೊಸೆಯೊಬ್ಬಳು ಸುಮ್ಮನೆ ಓಡುವುದುಂಟೆ? ಅದಕ್ಕೆ ಹರಕೆ ಹೊತ್ತಳು. ಗಂಡು ಸಂತಾನಕ್ಕಾಗಿ ದಿನಾ ಬೆಳಿಗ್ಗೆ ಬರಿಗಾಲಲ್ಲಿ ದುರ್ಗದ ಗುಡ್ಡ ಹತ್ತಿ ಈಶ್ವರನಿಗೆ ದೀಪ ಹಚ್ಚುವುದು, ದಾರಿಯಲ್ಲಿ ಎಲ್ಲೂ ನಿಲ್ಲದಿರುವುದು. ಅತ್ತೆ ಮೆಚ್ಚಿದಳು. ಮರುಳಸಿದ್ದಪ್ಪನಂತೂ ಗಿರಾಕಿಗಳ ಮುಂದೆ ಹೆಂಡತಿಯ ಭಕ್ತಿಯನ್ನು ಹೊಗಳುತ್ತ, ದೀಪಕ್ಕೆ ಎಣ್ಣೆಯನ್ನೂ ತಾನೇ ಅಳೆದುಕೊಟ್ಟ.

ಮೊದಮೊದಲು ಅರ್ಧ ಗುಡ್ಡಕ್ಕೇ ವಾಂತಿಯಾಗುತ್ತಿತ್ತು. ಅಂಗಾಲು ಒಡೆದು ಬಂಡೆಗೆ ರಕ್ತ ಹತ್ತುತ್ತಿತ್ತು, ಮೀನಖಂಡ ಗಂಟು ಕಟ್ಟಿ ನಿದ್ದೆ ಕೊಡುತ್ತಿರಲಿಲ್ಲ. ಬಿಟ್ಟುಬಿಡೋಣ ಎನಿಸಿದಾಗಲೆಲ್ಲ ಎರಡು ನೋವನ್ನೂ ತೂಗಿ ನೋಡುತ್ತಿದ್ದಳು. ಗಂಡ ಕೊಟ್ಟ ನೋವು ಬರೀ ಬಾಸುಂಡೆ ಬಿಟ್ಟು ಹೋಗುತ್ತಿತ್ತು. ಗುಡ್ಡ ಕೊಟ್ಟ ನೋವು ಬೆಳಗಾಗುವುದರೊಳಗೆ ಕಾಲಿಗೆ ಒಂದಿಷ್ಟು ಕಸುವು ತುಂಬಿ ಹೋಗುತ್ತಿತ್ತು. ಮಳೆಗಾಲ ಕಳೆಯುವಷ್ಟರಲ್ಲಿ ಅವಳು ಓಡುತ್ತಲೇ ಹತ್ತಿ ಓಡುತ್ತಲೇ ಇಳಿಯುತ್ತಿದ್ದಳು.

ಬಸಿರು ಮಾತ್ರ ಆಗಲಿಲ್ಲ. ಇವಳು ಕಣ್ಣು ಮುಚ್ಚಿದರೆ ಮೂರನೆಯವಳನ್ನು ತರಬಹುದೆಂದು ತಾಯಿ ಮಗ ಮಾತಾಡಿಕೊಂಡರು. ಒಂದು ಬೆಳಿಗ್ಗೆ ಅವಳು ಹೊರಟಾಗ ಮರುಳಸಿದ್ದಪ್ಪ ಮಚ್ಚು ಹಿಡಿದು ಬಾಗಿಲಿಗೆ ಅಡ್ಡ ನಿಂತ.

"ಆಕಿನ್ನ ಬಾವ್ಯಾಗ ನೂಕಿದೋನಿಗೆ ನೀ ಯಾವ ಲೆಕ್ಕ?" ಎಂದು ಬೀಸಿದ.

ಭುಜ ಸೀಳಿತು. ಅವಳು ಅವನ ತೋಳಡಿ ನುಸುಳಿ, ಓಣಿಯ ಕಡೆ ತಿರುಗದೆ, ಗುಡ್ಡಕ್ಕೇ ಓಡಿದಳು. ಅವನೂ ಬೈಯುತ್ತ ಬೆನ್ನು ಹತ್ತಿದ.

ದಿನವಿಡೀ ಗಾದಿಯ ಮೇಲೆ ಕೂತು ಬೆಳೆದ ಮೈ ಅವನದು. ಅರ್ಧ ಗುಡ್ಡಕ್ಕೆ ಮಂಡಿಯೂರಿ ಕಾರಿಕೊಂಡ. ಮೇಲಿನಿಂದ ಅವಳು ಇಳಿದು ಬಂದಳು, ಎರಡೂ ಕೈಯಲ್ಲಿ ಕಲ್ಲು. ಎತ್ತಿದ್ದು ಅವನ ತಲೆಗೇ. ಸತ್ತವನು ತಪ್ಪೊಪ್ಪುವುದಿಲ್ಲವೆಂದು ಹೊಳೆದು, ಮಚ್ಚು ಹಿಡಿದ ಬೆರಳುಗಳ ಮೇಲೆ ಹಾಕಿದಳು. ಎಲುಬು ಮುರಿದ ಸದ್ದು ಅವಳ ಕಿವಿಗೆ ಹಿತವಾಗಿಯೇ ಇತ್ತು.

"ಆಕಿ ಹೆಂಗ ಸತ್ಲು ಅಂತ ನಾ ಹೋಗಿ ಹೇಳ್ತೀನಿ," ಎಂದಳು. "ನಿಮ್ಮ ಕೈಲಾದ್ರ ಬಂದು ಹಿಡೀರಿ."

ಭುಜದಿಂದ ರಕ್ತ ಸೋರುತ್ತಿತ್ತು, ಅವನ ಮಚ್ಚು ಅವಳ ಕೈಯಲ್ಲಿತ್ತು. ಓಣಿಯಲ್ಲಿ ಈ ಸಲ ಯಾರೂ ಅಡ್ಡ ಬರಲಿಲ್ಲ. ಅವನು ಗುಡ್ಡದ ಮೇಲೆ ಎದ್ದು ನಿಲ್ಲುವಷ್ಟರಲ್ಲಿ ಅವಳು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ್ದಳು.