ಓರೆ ಗೋಡೆಯ ಹಡಗು

ಸವಣೂರಿನ ವೀಳ್ಯದೆಲೆಯ ಕಟ್ಟು ಬಿಚ್ಚಿದಾಗ ಮೊದಲು ಬರುವುದು ಒದ್ದೆ ಮಣ್ಣಿನ ವಾಸನೆ, ಆಮೇಲೆ ಎಲೆಯ ಖಾರ. ಊಟವಾದ ಮೇಲೆ ಎರಡು ಎಲೆ ಹಾಕುವ ಚಟ ನನಗೆ ಆ ಊರಿನಲ್ಲೇ ಅಂಟಿದ್ದು. ಹಲ್ಲು ಅರ್ಧ ಹೋಗಿವೆ, ಚಟ ಹೋಗಿಲ್ಲ. ಮೊನ್ನೆ ಹುಬ್ಬಳ್ಳಿ ಪೇಟೆಯಿಂದ ತಂದ ಕಟ್ಟು ಬಿಚ್ಚಿ ಎಲೆಗಳನ್ನು ನೀರಿಗೆ ಹಾಕಿದೆ. ಸುತ್ತಿದ್ದ ಹಳೇ ಪತ್ರಿಕೆಯನ್ನು ಮುದ್ದೆ ಮಾಡಬೇಕೆನ್ನುವಷ್ಟರಲ್ಲಿ ಅದರಲ್ಲೊಂದು ಹಡಗು ಕಂಡಿತು. ಯಾವುದೋ ದೇಶದ ಹೊಸ ಯುದ್ಧನೌಕೆ. ಬೂದು ಬಣ್ಣ, ಒಳಕ್ಕೆ ವಾಲಿದ ನುಣುಪು ಗೋಡೆಗಳು; ಕಿಟಕಿಯಿಲ್ಲ, ಮೇಲೆ ಒಬ್ಬ ಮನುಷ್ಯನೂ ಇಲ್ಲ. ರಡಾರಿಗೆ ಸಿಗದ ವಿನ್ಯಾಸ ಎಂದು ಕೆಳಗೆ ಬರೆದಿತ್ತು. ನನಗೇನೂ ಹೊಸದಲ್ಲ. ಈ ಹಡಗನ್ನು ನಾನು ನಲವತ್ತು ವರ್ಷದ ಹಿಂದೆಯೇ ನೋಡಿದ್ದೇನೆ, ಸಮುದ್ರದ ಗಾಳಿ ಕೂಡ ಸುಳಿಯದ ಸವಣೂರಿನಲ್ಲಿ, ಡ್ರಾಯಿಂಗ್ ಮಾಸ್ತರರ ಪಡಸಾಲೆಯಲ್ಲಿ.

ನಾನು ಮಾಸೂರಿನವಳು. ಎಂಬತ್ತರ ದಶಕದ ಮೊದಲಿಗೆ ಸವಣೂರಿನ ಶಾಲೆಯೊಂದಕ್ಕೆ ವಿಜ್ಞಾನದ ಟೀಚರಾಗಿ ಹೋದೆ. ಮದುವೆಯಾಗದ ಒಂಟಿ ಹೆಣ್ಣಿಗೆ ಮನೆ ಕೊಡುವವರು ಆಗ ಕಡಿಮೆ. ಕೊಟ್ಟವರು ಶ್ರೀಪಾದಾಚಾರ್ಯರು, ನಿವೃತ್ತ ಡ್ರಾಯಿಂಗ್ ಮಾಸ್ತರು. ವೈಷ್ಣವರ ಮನೆ. ಮುಂದಿನ ಕೋಣೆ ನನ್ನದು, ಪಡಸಾಲೆ ಎಲ್ಲರದು, ಅಡುಗೆಮನೆಯ ಹೊಸ್ತಿಲು ಮಾತ್ರ ಅಂತಾರಾಷ್ಟ್ರೀಯ ಗಡಿ. ನಾನು ಆ ಗಡಿ ದಾಟುವಂತಿರಲಿಲ್ಲ. ಸಾರು, ಹೋಳಿಗೆಗಳು ಮಾತ್ರ ಧಾರಾಳವಾಗಿ ದಾಟಿ ಬರುತ್ತಿದ್ದವು. ಕಳಿಸುತ್ತಿದ್ದವಳು ವತ್ಸಲಾ, ಮಾಸ್ತರರ ಸೊಸೆ. ನನಗಿಂತ ಐದಾರು ವರ್ಷ ದೊಡ್ಡವಳು. ಮಾಸ್ತರರ ಹೆಂಡತಿ ಎಂದೋ ತೀರಿಕೊಂಡಿದ್ದರು. ಮಗ ಪ್ರಲ್ಹಾದ ಹಡಗಿನಲ್ಲಿದ್ದಾನೆ ಎಂದು ಮಾಸ್ತರರು ಮೊದಲ ದಿನವೇ ಹೇಳಿದರು. ರಜೆಗೆ ಯಾವಾಗ ಬರುತ್ತಾರೆ ಎಂದು ನಾನು ಸಹಜವಾಗಿ ಕೇಳಿದೆ. ವತ್ಸಲಾ ತಾಟು ತೆಗೆದುಕೊಂಡು ಒಳಗೆ ಹೋದಳು. ಮಾಸ್ತರರು ಮಾಡಿನ ಕಡೆ ನೋಡುತ್ತ, "ಅದೊಂದು ಹೇಳ್ಲಿಕ್ಕೆ ಬರೂದಿಲ್ಲರಿ ಟೀಚರ್" ಎಂದರು.

ಉಳಿದದ್ದನ್ನು ಓಣಿಯ ಹೆಂಗಸರು ಹೇಳಿದರು. ಪ್ರಲ್ಹಾದ ಸರಕಿನ ಹಡಗೊಂದರಲ್ಲಿ ವೈರ್‌ಲೆಸ್ ಕೆಲಸದಲ್ಲಿದ್ದ. ಎಪ್ಪತ್ತರ ದಶಕದ ಆರಂಭದ ಒಂದು ಮಳೆಗಾಲ, ಮದುವೆಯಾಗಿ ವರ್ಷ ತುಂಬಿರಲಿಲ್ಲ, ಆ ಹಡಗು ಅರಬ್ಬೀ ಸಮುದ್ರದ ಬಿರುಗಾಳಿಗೆ ಸಿಕ್ಕಿತು. ಸ್ವಲ್ಪ ದೂರದಲ್ಲಿ ಹೋಗುತ್ತಿದ್ದ ಇನ್ನೊಂದು ಹಡಗಿನವರು ತಮ್ಮ ರಡಾರ್ ಪರದೆಯ ಮೇಲೆ ಇದರ ಚುಕ್ಕೆಯನ್ನು ನೋಡುತ್ತಿದ್ದರು. ನೋಡುತ್ತಿದ್ದಂತೆ ಚುಕ್ಕೆ ಇಲ್ಲವಾಯಿತು. ಹೆಣ ಸಿಗಲಿಲ್ಲ, ಹಲಗೆ ಸಿಗಲಿಲ್ಲ. ಸುದ್ದಿ ತಂದ ಕಂಪನಿಯ ಮನುಷ್ಯ "ಪರದೆ ಮೇಲಿಂದ ಕಾಣೆಯಾಯಿತು" ಎಂದನಂತೆ. ಮಾಸ್ತರರು ಆ ಮಾತನ್ನು ಹಿಡಿದುಕೊಂಡರು. ಕಾಣೆಯಾದದ್ದು ಮುಳುಗಿದಂತಲ್ಲ ಎಂದರು.

ಹೀಗೆ ಕಾಣೆಯಾದವರಿಗಾಗಿ ಹನ್ನೆರಡು ವರ್ಷ ಕಾಯಬೇಕೆಂದು ಅವರಲ್ಲಿ ಪದ್ಧತಿ. ಆಮೇಲೆ ಮುತ್ತುಗದ ಎಲೆಯಿಂದ ಮನುಷ್ಯಾಕೃತಿ ಮಾಡಿ, ಅದಕ್ಕೆ ಬೆಂಕಿಯಿಟ್ಟು, ಕ್ರಿಯೆ ಮುಗಿಸುತ್ತಾರೆ. ಅಲ್ಲಿಯವರೆಗೆ ಹೆಂಡತಿ ಮುತ್ತೈದೆ. ವತ್ಸಲಾ ಕುಂಕುಮ ಇಡುತ್ತಿದ್ದಳು, ಹಸಿರು ಬಳೆ ತೊಡುತ್ತಿದ್ದಳು, ಆದರೆ ಅರಿಷಿಣ ಕುಂಕುಮಕ್ಕೆ ಅವಳನ್ನು ಕರೆಯುವವರು ಹಿಂದೆಮುಂದೆ ನೋಡುತ್ತಿದ್ದರು. ಮನೆಯಲ್ಲಿ ಅವಳು ಅಳುವಂತಿರಲಿಲ್ಲ. ಬದುಕಿದ್ದವನಿಗಾಗಿ ಅಳುವುದು ಅಪಶಕುನವಲ್ಲವೇ?

ಅಳುವುದಕ್ಕೆ ಅವಳೊಂದು ಹಾದಿ ಕಂಡುಕೊಂಡಿದ್ದಳು. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಹೋಗುತ್ತಿದ್ದಳು. ಗುರುತಿದ್ದವರು, ಇಲ್ಲದವರು, ಭೇದವಿಲ್ಲ. ಹೋಗಿ ಹೆಂಗಸರ ನಡುವೆ ಕುಳಿತು ಹೊಟ್ಟೆ ತುಂಬ ಅತ್ತು, ಬಂದು ತಲೆಯ ಮೇಲೆ ನೀರು ಹಾಕಿಕೊಂಡು ಒಲೆ ಹಚ್ಚುತ್ತಿದ್ದಳು. "ವತ್ಸಲಾಬಾಯಿ ಮನಸು ಭಾಳ ಮೆತ್ತಗ" ಎಂದು ಜನ ಹೊಗಳುತ್ತಿದ್ದರು. ನಾನೂ ಬಹಳ ದಿನ ಹಾಗೇ ತಿಳಿದಿದ್ದೆ.

ಇನ್ನು ಮಾಸ್ತರರ ಹಡಗುಗಳು. ಹುಬ್ಬಳ್ಳಿಯ ರದ್ದಿ ಅಂಗಡಿಗಳಿಂದ ಇಂಗ್ಲಿಷ್ ಪತ್ರಿಕೆಗಳನ್ನು ಹೊತ್ತು ತರುತ್ತಿದ್ದರು. ರಡಾರಿಗೆ ಸಿಗದಂತೆ ಯಾವ ದೇಶದವರು ಏನು ಮಾಡುತ್ತಿದ್ದಾರೆ ಎಂಬುದು ಅವರ ಬಾಯಲ್ಲಿತ್ತು. ದೊಡ್ಡ ಯುದ್ಧದಲ್ಲಿ ಜರ್ಮನರು ಜಲಾಂತರ್ಗಾಮಿಯ ಉಸಿರುಕೊಳವೆಗೆ ರಡಾರ್ ನುಂಗುವ ಹೊದಿಕೆ ಹೊದಿಸಿದ್ದು. ಸ್ವೀಡನ್ನಿನವರು ದೋಣಿಗಳನ್ನು ಬಂಡೆಯ ಮಗ್ಗುಲಿಗೆ ನಿಲ್ಲಿಸಿ ಬಲೆ ಮುಚ್ಚುವುದು. ಇಂಗ್ಲಿಷರು ಹೊಸ ಹಡಗಿನ ಗೋಡೆಗಳನ್ನೇ ಓರೆ ಮಾಡಲು ಹೊರಟಿದ್ದು. ಅಮೇರಿಕದವರು ಬಾಯಿ ಬಿಡದೆ ಏನೋ ಕಟ್ಟುತ್ತಿರುವುದು. ಅವರಿಗೆ ತುಂಬ ಪ್ರೀತಿಯದು ಮೊದಲ ಮಹಾಯುದ್ಧದ ಕಥೆ. ಆಗ ಚಿತ್ರಕಾರರನ್ನು ಕರೆಸಿ ಹಡಗಿನ ಮೈಗೆಲ್ಲ ಅಡ್ಡಾದಿಡ್ಡಿ ಪಟ್ಟೆ ಬಳಿಸಿದ್ದರಂತೆ, ಶತ್ರುವಿಗೆ ಹಡಗು ಯಾವ ಕಡೆ ಹೊರಟಿದೆ ತಿಳಿಯಬಾರದೆಂದು. "ನೋಡ್ರಿ, ಡ್ರಾಯಿಂಗ್ ಮಾಸ್ತರಗೂ ಒಂದ ಕಾಲಕ್ಕ ಕಿಮ್ಮತ್ತಿತ್ತು" ಎಂದು ನಗುತ್ತಿದ್ದರು. ಎಲ್ಲದರ ಕೊನೆಗೆ ಒಂದೇ ತೀರ್ಮಾನ: ಪ್ರಲ್ಹಾದನ ಹಡಗನ್ನು ಯಾರೋ ಗುಟ್ಟಾಗಿ ಇಂಥ ಪ್ರಯೋಗಕ್ಕೆ ಒಯ್ದಿದ್ದಾರೆ, ಅವನು ಬಾಯಿಬಿಡುವಂತಿಲ್ಲ, ಬರುತ್ತಾನೆ.

ನನ್ನನ್ನು ಅವರು ಸಾಕ್ಷಿಗೆ ಕರೆಯುತ್ತಿದ್ದರು. ರಡಾರ್ ಬಗ್ಗೆ ನನಗೆ ಗೊತ್ತಿದ್ದದ್ದು ಪಠ್ಯಪುಸ್ತಕದ ಅರ್ಧ ಪುಟ. ಆದರೆ ಟೀಚರು ಗೊತ್ತಿಲ್ಲ ಎನ್ನಲಿಕ್ಕುಂಟೇ? ಮಾಸೂರಿನ ಮದಗದ ಕೆರೆಯ ಏರಿ ಮೇಲೆ ನಿಂತು ಎದುರಿನ ಗುಡ್ಡಕ್ಕೆ ಕೂಗಿದರೆ ಕೂಗು ತಿರುಗಿ ಬರುತ್ತದಲ್ಲ, ಹಾಗೆ, ಎಂದು ಗಂಭೀರವಾಗಿ ವಿವರಿಸಿದ್ದೆ. ಮಾಸ್ತರರಿಗೆ ಬಲು ಸಂತೋಷವಾಗಿತ್ತು. ಮರುದಿನವೇ ರಟ್ಟಿನ ಎರಡು ಹಡಗು ಮಾಡಿ, ಒಂದು ನೆಟ್ಟಗೋಡೆಯದು, ಒಂದು ಓರೆಗೋಡೆಯದು, ಅವುಗಳ ಮೈಗೆ ಕನ್ನಡಿಯ ಚೂರು ಅಂಟಿಸತೊಡಗಿದರು.

ಅವುಗಳ ಪ್ರದರ್ಶನ ನಡೆದದ್ದು ಒಂದು ಭಾನುವಾರ ಮಧ್ಯಾಹ್ನ. ಹಾನಗಲ್ಲಿನಿಂದ ಮಾಸ್ತರರ ಅಣ್ಣನ ಮಗ ಭೀಮಾಚಾರ್ಯ ಬಂದಿದ್ದ. ಹನ್ನೆರಡನೆಯ ವರ್ಷ ಮುಗಿಯುತ್ತ ಬಂದಿತ್ತು, ಅವನು ಮೇಲಿಂದ ಮೇಲೆ ಬರುತ್ತಿದ್ದ.

"ಕಾಕಾ, ಇನ್ನರ ಕ್ರಿಯಾ ಮಾಡಿ ಮುಗಸೋಣು. ಬಳಗದಾಗ ಮಂದಿ ಕೇಳ್ಲಿಕ್ಕತ್ತಾರ."

"ಭೀಮು, ರಡಾರ್ ಅಂದ್ರ ಏನಂತ ಗೊತ್ತದ ಏನು ನಿನಗ? ಕೂಡು ಇಲ್ಲೆ."

ಬಾಗಿಲು ಕಿಟಕಿ ಮುಚ್ಚಿದರು. ಮೊದಲು ನೆಟ್ಟಗೋಡೆಯ ಹಡಗಿಗೆ ಬ್ಯಾಟರಿ ಬಿಟ್ಟರು. ಬೆಳಕು ತಿರುಗಿ ನಮ್ಮ ಕಣ್ಣಿಗೇ ಬಡಿಯಿತು. ಆಮೇಲೆ ಓರೆಗೋಡೆಯದಕ್ಕೆ ಬಿಟ್ಟರು. ಬೆಳಕು ಮಾಡಿಗೆ ಹೋಗಿ ಜಂತಿಯ ಮೇಲಿನ ಜೇಡನ ಬಲೆ ಕಂಡಿತು, ಹಡಗು ಕತ್ತಲೆಯಲ್ಲೇ ಉಳಿಯಿತು. "ಹಡಗ ಅಲ್ಲೇ ಅದ. ಆದ್ರ ನಿನಗ ಕಾಣವಲ್ದು. ಕಾಣಲಿಲ್ಲ ಅಂತ ಬೆಂಕಿ ಇಡ್ತೀಯೇನು?" ಎಂದರು. ಭೀಮಾಚಾರ್ಯ ಕೈಗಡಿಯಾರ ನೋಡಿಕೊಂಡ. ಅವನ ಬಸ್ಸಿನ ಹೊತ್ತಾಗಿತ್ತು.

ಆಗ ಅಡುಗೆಮನೆಯ ಹೊಸ್ತಿಲಿನಿಂದ ವತ್ಸಲಾಳ ದನಿ ಬಂತು. ಹಾನಗಲ್ಲಿನವರ ಮುಂದೆ ಅವಳು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಮಾವನವರ, ಇಂಥಾ ಹಡಗ ಮುಳುಗ್ಲಿಕ್ಕೆ ಹತ್ತಿದ್ರ, ಕಾಪಾಡ್ಲಿಕ್ಕೆ ಬಂದವರಿಗೆ ಹೆಂಗ ಕಾಣಬೇಕ್ರಿ?"

ಮಾಸ್ತರರು ಬ್ಯಾಟರಿ ಆರಿಸಿದರು. "ಅದು ಮುಳುಗೂದಿಲ್ಲ ಬಿಡವಾ" ಎಂದಷ್ಟೇ ಹೇಳಿ ಕಿಟಕಿ ತೆರೆಯಲು ಎದ್ದರು. ಇನ್ನೊಂದು ಕಿಟಕಿ ತೆರೆಯಲು ನಾನೂ ಎದ್ದೆ.

ಕೆಲವು ದಿನಗಳಾದ ಮೇಲೆ ಕನ್ನಡಿ ಚೂರು ತರಲು ಅವರ ಜೊತೆ ನಾನೂ ಹೋದೆ. ಇಮಾಮಸಾಬರು ಕನ್ನಡಿ ಮಾರಿ, ಫೋಟೋಗಳಿಗೆ ಕಟ್ಟು ಹಾಕಿಕೊಡುವವರು. ಗೋಡೆಯ ಮೇಲೆ ವೆಂಕಟರಮಣನಿಗೂ ಯಾರದೋ ಮದುವೆ ಜೋಡಿಗೂ ನಡುವೆ ಒಬ್ಬ ಯುವಕನ ಫೋಟೋ ಇತ್ತು. ಮೂಗು ಥೇಟ್ ಮಾಸ್ತರರದು. ನಾನು ಅದನ್ನೇ ನೋಡುವುದನ್ನು ಕಂಡು ಇಮಾಮಸಾಬರು ಮೆಲ್ಲಗೆ, "ಮಾಸ್ತರ ಮಗಾರ್ರಿ. ಹಡಗ ಹೋದ ವರ್ಷನ ಕಟ್ಟ ಹಾಕಾಕ ಕೊಟ್ಟಾರ. ಮಾಲಿ ಹಾಕಾಕ ಮ್ಯಾಲೆ ಮೊಳಿನೂ ಹೊಡಿಸ್ಯಾರ. ಒಯ್ಯಾಕ ಮಾತ್ರ ಬಂದಿಲ್ಲ ನೋಡ್ರಿ" ಎಂದರು. ಸತ್ತವರ ಫೋಟೋಕ್ಕೆ ಮಾತ್ರ ಮಾಲೆಯ ಮೊಳೆ. ಅದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು.

 ಹಿಂದಿರುಗುವಾಗ ದೊಡ್ಡ ಹುಣಸೆಮರಗಳ ಹತ್ತಿರ ಮಾಸ್ತರರು ತಾವೇ ನಿಂತು ಹೇಳಿದರು.

"ನಮ್ಮಕ್ಕ ಹದಿನಾರಕ್ಕ ಗಂಡನ್ನ ಕಳಕೊಂಡ್ಲು ಟೀಚರ್. ಹಾನಗಲ್ಲಿನ ಮನಿಯಾಗ ಹಿತ್ತಲಕೋಣಿ ಸೇರಿದ್ಲು. ತಲಿ ಬೋಳಿಸಿದ್ರು. ಮತ್ತ ಆ ಕೋಣಿಯಿಂದ ಹೊರಗ ಬಂದದ್ದು ಮುದುಕಿ ಆಗಿ, ನಾಕ ಮಂದಿ ಹೆಗಲ ಮ್ಯಾಲೆ. ಈಗ ತಲಿ ಬೋಳಸೂದಿಲ್ಲ ಖರೆ, ಆದ್ರ ಕೋಣಿ ಇನ್ನೂ ಹಂಗ ಅದ. ನಾ ನೆಟ್ಟಗ ನಿಂತು 'ಕ್ರಿಯಾ ಮಾಡೂದಿಲ್ಲ' ಅಂದ್ರ ಬಳಗ ನನ್ನ ಮುರೀತಿತ್ತು. ಅದಕ್ಕ ಓರೆ ಆಗಿ ನಿಂತೇನಿ. ಅವರ ಮಾತು ಬಡದು ಎತ್ತಾಗರ ಹೋಗ್ಲಿ. ಹುಚ್ಚ ಅಂದ್ರ ಅನ್ಲಿ."

"ವತ್ಸಲಾಬಾಯಿಗೆ ಹೇಳಿರೇನ್ರಿ?"

"ಹೆಂಗ ಹೇಳ್ಲಿ? ಆಕಿ ನಂಬಿ ಕೂತಾಳ."

ಆ ಮುದುಕನ ಮೇಲೆ ನನಗೆ ಅವತ್ತು ಹುಟ್ಟಿದ ಪ್ರೀತಿ ಹೇಳತೀರದು. ಜಗತ್ತಿನ ನೌಕಾಪಡೆಗಳೆಲ್ಲ ಬಾಂಬಿಗೆ ಹೆದರಿ ಮಾಡುತ್ತಿದ್ದ ಉಪಾಯವನ್ನು ಇವರು ಒಬ್ಬ ಹೆಣ್ಣುಮಗಳಿಗಾಗಿ ಮಾಡುತ್ತಿದ್ದರು. ಯಾರಿಗೂ ಹೇಳಬೇಡಿ ಎಂದರು. ನಾನು ಹೇಳಲಿಲ್ಲ.

ಆದರೆ ಎಲ್ಲ ಲೆಕ್ಕ ಹಾಕಿದ ಮಾಸ್ತರರು ಒಂದನ್ನು ಮರೆತಿದ್ದರು. ಮರುವರ್ಷದ ಬೇಸಿಗೆಯಲ್ಲಿ, ಸ್ನಾನಕ್ಕೆ ಹೋದವರು ಬಚ್ಚಲಲ್ಲೇ ಕುಸಿದರು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹಾನಗಲ್ಲಿನವರು ಮಧ್ಯಾಹ್ನದ ಹೊತ್ತಿಗೆ ಬಂದರು. ಅಂಗಳದಲ್ಲಿ ಹೆಣ. ಬೆಂಕಿ ಇಡುವವರು ಯಾರು? ಮಗ ಬದುಕಿದ್ದು ದೂರದಲ್ಲಿದ್ದರೆ ಅವನ ಪರವಾಗಿ ಇನ್ನೊಬ್ಬರು ಇಡಬಹುದು. ಇಲ್ಲವೆಂದರೆ ಭೀಮಾಚಾರ್ಯನೇ ಕರ್ತೃ, ಮತ್ತು ಪ್ರಲ್ಹಾದನ ಕ್ರಿಯೆಯೂ ಆಗಲೇಬೇಕು. ಪುರೋಹಿತರು ಸಂಕಲ್ಪ ಹೇಳಬೇಕಿತ್ತು. ಯಾರೋ ಒಬ್ಬರು ಇದ್ದಾನೆ ಎನ್ನಬೇಕು, ಇಲ್ಲವೇ ಇಲ್ಲ ಎನ್ನಬೇಕು. ಹನ್ನೆರಡು ವರ್ಷ ಆ ಪ್ರಶ್ನೆಯನ್ನು ಆಚೆ ತಿರುಗಿಸಿದವರು ಬಾಯಿ ಮುಚ್ಚಿ ಮಲಗಿದ್ದರು.

ಭೀಮಾಚಾರ್ಯ ವತ್ಸಲಾಳ ಕಡೆ ತಿರುಗಿದ. ದನಿಯಲ್ಲಿ ಕ್ರೌರ್ಯವೇನೂ ಇರಲಿಲ್ಲ, ಅದನ್ನು ಹೇಳಲೇಬೇಕು. "ವೈನಿ, ನೀವ ಹೇಳ್ರಿ. ಪ್ರಲ್ಹಾದಣ್ಣ ಇದ್ದಾನೋ, ಇಲ್ಲೋ?"

ಇದ್ದಾರೆ ಎಂದರೆ ಮಾವ ಕಟ್ಟಿಕೊಟ್ಟ ಮರೆ ಉಳಿಯುತ್ತಿತ್ತು. ಕುಂಕುಮ, ಬಳೆ, ಈ ಮನೆ, ಎಲ್ಲ ಉಳಿಯುತ್ತಿತ್ತು. ಅಂಗಳದಲ್ಲಿದ್ದವರೆಲ್ಲ ಅವಳ ಮುಖ ನೋಡುತ್ತಿದ್ದರು. ಇದ್ದಾರೆ ಅನ್ನು ತಾಯಿ, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಇಲ್ಲರಿ" ಎಂದಳು ವತ್ಸಲಾ. "ಹಡಗ ಮುಳುಗಿದ ದಿವಸನ ಹೋಗ್ಯಾರ."

ಆಮೇಲೆ ಅಂಗಳದ ನೆಲದ ಮೇಲೆ ಕುಳಿತು ಗಂಡನ ಹೆಸರು ಹಿಡಿದು ಅತ್ತಳು. ಊರಿನ ಸಾವಿನ ಮನೆಗಳಲ್ಲೆಲ್ಲ ಅವಳ ಅಳು ಕೇಳಿದವರು ಅಲ್ಲಿದ್ದರು. ಆ ಅಳು ಯಾರಿಗಾಗಿತ್ತೆಂದು ಅವರಿಗೆ ಅವತ್ತು ತಿಳಿಯಿತು. ಇಮಾಮಸಾಬರು ಪ್ರಲ್ಹಾದನ ಫೋಟೋ ತಂದು ಕಟ್ಟೆಯ ಮೇಲಿಟ್ಟು ಹೋದರು.

ಮುಂದಿನ ಕೆಲವು ದಿನಗಳಲ್ಲಿ ಮುತ್ತುಗದ ಎಲೆಯ ಪ್ರಲ್ಹಾದನೂ ಸುಟ್ಟುಹೋದ. ಮನೆಗೆ ಬೀಗ ಬಿತ್ತು. ವತ್ಸಲಾಳನ್ನು ಹಾನಗಲ್ಲಿಗೆ ಕರೆದೊಯ್ದರು. ನಾನು ಬೇರೆ ಓಣಿಯಲ್ಲಿ ಕೋಣೆ ಹಿಡಿದೆ.

ಅದೇ ವರ್ಷ ಒಮ್ಮೆ ಹಾನಗಲ್ಲಿಗೆ ಹೋಗಿ ಅವಳನ್ನು ಕಂಡೆ. ಹಿತ್ತಲ ಕಡೆಯ ಕೋಣೆ. ಬರಿಹಣೆ, ಬರಿಗೈ. ಕುಳಿತು ಹೂಬತ್ತಿ ಹೊಸೆಯುತ್ತಿದ್ದಳು. ಗೋಡೆಯ ಮೇಲೆ ಆ ಫೋಟೋ ಇತ್ತು, ಮಾಲೆಯೂ ಇತ್ತು. ಸಮಾಧಾನವಾದೀತೆಂದು ಹುಣಸೆಮರದ ಹತ್ತಿರ ಮಾಸ್ತರರು ಹೇಳಿದ್ದನ್ನೆಲ್ಲ ಹೇಳಿದೆ. ಅವಳ ಬೆರಳು ನಿಲ್ಲಲಿಲ್ಲ.

"ಗೊತ್ತಿತ್ರಿ ಟೀಚರ್. ಇಮಾಮಸಾಬನ ಅಂಗಡಿ ಮುಂದಿಂದ ನಾನೂ ಹಾಯ್ತಿದ್ದೆ."

"ಮತ್ತ ಯಾಕ ಸುಮ್ಮನಿದ್ರಿ?"

"ನನ್ನ ಸಲುವಾಗಿ ಅವರು ಹುಚ್ಚ ಆದ್ರು. ಅವರ ಸಲುವಾಗಿ ನಾ ಮನಿಯಾಗ ಅಳೂದು ಬಿಟ್ಟೆ. ಹಂಗ ಇರ್ತೀಯೇನು, ಹಿಂಗ ಇರ್ತೀಯೇನು ಅಂತ ಒಂದ ಸಲ ನನ್ನ ಕೇಳಿದ್ರ ಆಗ್ತಿತ್ತು." ಹೊಸೆದ ಬತ್ತಿಯನ್ನು ತಟ್ಟೆಗಿಟ್ಟು ಹೇಳಿದಳು: "ಅಲ್ಲೆ ಅಳ್ಲಿಕ್ಕೆ ಬರ್ತಿದ್ದಿಲ್ಲ, ಇಲ್ಲೆ ನಗ್ಲಿಕ್ಕೆ ಬರೂದಿಲ್ಲ. ಆದ್ರ ಇಲ್ಲೆ ಅವರ ಹೆಸರು ಹೇಳಿ ಅಳಬಹುದು. ಅಷ್ಟರ ಅದ."

ಅವಳು ಹೋಗಿ ಈಗ ಬಹಳ ವರ್ಷವಾಯಿತು. ಆ ಕೋಣೆಯಲ್ಲೇ ಹೋದಳಂತೆ. ಸುದ್ದಿ ನನಗೆ ತಡವಾಗಿ ತಿಳಿಯಿತು.

ಈ ಕಥೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಸೊಸೆಗಾಗಿ ಇಡೀ ಬಳಗಕ್ಕೆ ಹಡಗು ತೋರಿಸಿ ಏಮಾರಿಸಿದ ಮುದುಕನ ಕಥೆ ಎಂದು. ಜನ ನಕ್ಕಿದ್ದಾರೆ, ಎಂಥ ಮಾವ ಎಂದು ಕಣ್ಣೊರೆಸಿಕೊಂಡಿದ್ದಾರೆ. ಮೊನ್ನೆ ಮಾತ್ರ ಆ ಒದ್ದೆ ಪತ್ರಿಕೆಯನ್ನು ಮೇಜಿನ ಮೇಲೆ ಬಿಡಿಸಿಟ್ಟು, ಕನ್ನಡಕ ಹಾಕಿಕೊಂಡು, ಆ ನುಣುಪು ಗೋಡೆಯ ಮೇಲೆ ಎಲ್ಲಾದರೂ ಒಂದು ಕಿಟಕಿ ಇದೆಯೇ ಎಂದು ಹುಡುಕುತ್ತ ಕುಳಿತೆ. ಹೊರಗಿನಿಂದ ಬಡಿಯುವುದನ್ನೆಲ್ಲ ಆಚೆ ತಿರುಗಿಸುವ ಗೋಡೆ ಅದು. ಒಳಗಿದ್ದವರು ಕೂಗಿದರೆ ಹೊರಗಿನವರಿಗೆ ಕೇಳುತ್ತದೆಯೇ ಎಂದು ಚಿತ್ರದ ಕೆಳಗೆ ಬರೆದಿರಲಿಲ್ಲ.

ಇವತ್ತೂ ನೋಡಿ, ಅಭ್ಯಾಸಬಲದಿಂದ ನಿಮಗೆ ಡ್ರಾಯಿಂಗ್ ಮಾಸ್ತರರಿಂದಲೇ ಶುರುಮಾಡಿದೆ. ಇನ್ನು ಮೇಲೆ ಯಾರಾದರೂ ಕೇಳಿದರೆ, ಮೊದಲು ಹೊಸ್ತಿಲಲ್ಲಿ ನಿಂತು ವತ್ಸಲಾ ಕೇಳಿದ್ದನ್ನು ಹೇಳುತ್ತೇನೆ. ಅವಳಿಗೆ ಉತ್ತರ ಕೊಡದೆ ನಾವಿಬ್ಬರೂ ಕಿಟಕಿ ತೆರೆಯಲು ಎದ್ದೆವು ಎಂದು ಹೇಳುತ್ತೇನೆ. ಹಡಗಿನ ಮಾತು ಆಮೇಲೆ.