ಚಪ್ಪಡಿಯ ಕೆಳಗೆ ಬಡಿಯುವವಳು

ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಪಕ್ಕ, ಚರಂಡಿಯ ಮೇಲಿನ ಚಹಾದಂಗಡಿಯಲ್ಲಿ ಮಳೆ ನಿಲ್ಲಲೆಂದು ಕುಳಿತಿದ್ದೆ. ಚರಂಡಿ ಮುಚ್ಚಿದ ಚಪ್ಪಡಿಗೆ ಅರಿಶಿನ ಕುಂಕುಮ ಹಚ್ಚಿದ್ದರು. ಕೆಳಗಿನಿಂದ ಯಾರೋ ಅದನ್ನು ಬಡಿಯುತ್ತಿದ್ದರು.

“ಒಳಗ ತಾಯಿ ಅದಾಳ, ಅಜ್ಜಿ. ಕಲ್ಲು ಎತ್ತಿ ಚರಂಡಿ ಹೊಲಸು ಬಳಿಯಾಕ ನಾವು ಯಾರ್ನೂ ಬಿಟ್ಟಿಲ್ಲ,” ಎಂದಳು ಅಂಗಡಿಯ ಕೊಟ್ರಮ್ಮ.

ಅಂಗಡಿಯ ಹಿಂದೆಯೇ ಇದ್ದ ಅವಳ ಮನೆಗೆ ಕೊಳಚೆ ನುಗ್ಗುತ್ತಿತ್ತು. ಅವಳ ಕೂಸು ಅಲ್ಲೇ ಮಲಗಿತ್ತು. ನಾನು ತಾಯಿ ಮೈಮೇಲೆ ಬಂದವಳಂತೆ ಕೂದಲು ಬಿಚ್ಚಿ, ತಲೆ ತೂಗಿ, ದನಿ ಬದಲಿಸಿದೆ.

“ಉಸುರು ಕಟ್ಟಾಕತ್ತೈತಿ ನನಗ. ಕಲ್ಲು ತೆಗಿ, ಮಗಳ.”

ಕೊಟ್ರಮ್ಮ, ಅವಳ ಗಂಡ ಇಬ್ಬರೂ ಕೈಮುಗಿದು ಚಪ್ಪಡಿ ಎತ್ತಿದರು. ಮೆಕ್ಕೆಜೋಳದ ಸಿಪ್ಪೆ, ಪ್ಲಾಸ್ಟಿಕ್ ಚೀಲ ಎಳೆದು ಹಾಕಿದ ಮೇಲೆ ನೀರು ಮೊರೆಯುತ್ತ ಇಳಿಯಿತು. ಬಡಿತ ನಿಂತಿತು. ಬಡಿಯುತ್ತಿದ್ದುದು ಕಟ್ಟಿನಿಂತ ನೀರೇ ಎಂದು ಸೆರಗಿನೊಳಗೆ ನಕ್ಕೆ.

ಈಗ ಬಸ್ಸಿನಲ್ಲಿ ಕುಳಿತು ಮೊಬೈಲಿನಲ್ಲಿ ಇದನ್ನು ಒತ್ತಿ ಬರೆಯುತ್ತಿದ್ದೇನೆ. ಊರು ಹಿಂದೆ ಉಳಿಯಿತು. ನನ್ನ ಕಾಲಡಿಯ ತಗಡನ್ನು ಕೆಳಗಿನಿಂದ ಯಾರೋ ಬಡಿಯುತ್ತಿದ್ದಾರೆ.